ಬಣ್ಣದೊಳಗೆ ಏನಿದೆ?

ಸಣ್ಣ ಉದ್ದಿಮೆ ದೊಡ್ಡ ಕಂಪನಿಯ ಎದುರು ಬಾಳುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ನಾವು ಸಾಲ, ಸಬ್ಸಿಡಿ, ಹೊಸ ಯಂತ್ರ ಎನ್ನುತ್ತೇವೆ. ಚನ್ನಪಟ್ಟಣದ ಬೊಂಬೆಯನ್ನು ಕೈಗೆತ್ತಿಕೊಂಡರೆ ಬೇರೆಯದೇ ಪ್ರಶ್ನೆ ಏಳುತ್ತದೆ. ತಾನು ಮಾರುವ ವಸ್ತುವಿನೊಳಗೆ ಏನಿದೆ ಎಂದು ಬಲ್ಲದ್ದು ವ್ಯಾಪಾರದ ಜಾಣ್ಮೆಯೋ, ಮನುಷ್ಯ ಧರ್ಮವೋ?

ಈ ಊರಿನ ಹುನರ್ ಒಂದೇ ನೆಲದ್ದಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ತಂದರೆಂಬುದು ಜನರ ನಂಬಿಕೆ. 20ನೇ ಶತಮಾನದಲ್ಲಿ ಬಾವಾಸ್ ಮಿಯಾ ಜಪಾನಿನ ಬೊಂಬೆ ತಯಾರಿಕೆಯ ವಿಧಾನಗಳನ್ನು ಇಲ್ಲಿಯವರಿಗೆ ದಾಟಿಸಿದರು. ಹಗ್ಗ ಎಳೆದು ತಿರುಗಿಸುತ್ತಿದ್ದ ಕಡೆ ಮೋಟಾರಿನ ಲೇತ್ ಬಂತು. ಬಣ್ಣ ಕೂರಿಸುವ ಕ್ರಮ ಮಾತ್ರ ಉಳಿಯಿತು: ಗರಗರ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಗರಿ ಒತ್ತಿ ಹೊಳಪು ಬರಿಸುತ್ತಾರೆ. ಎಷ್ಟು ಒತ್ತಬೇಕೆಂಬುದು ಪುಸ್ತಕದಲ್ಲಿಲ್ಲ, ಉಸ್ತಾದರ ಪಕ್ಕದಲ್ಲಿ ಕೂತೇ ಕಲಿಯಬೇಕು.

2007ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಚೀನಾದಲ್ಲಿ ಮಾಡಿಸಿದ ಲಕ್ಷಗಟ್ಟಲೆ ಆಟಿಕೆಗಳನ್ನು, ಬಣ್ಣದಲ್ಲಿ ಸೀಸವಿದೆಯೆಂದು ವಾಪಸು ಪಡೆಯಬೇಕಾಯಿತು. ಗುತ್ತಿಗೆಯ ಕೆಳಗೊಂದು ಗುತ್ತಿಗೆ; ಹೆಸರು ಅಂಟಿಸಿದವನಿಗೆ ಬಣ್ಣ ಕಲಸಿದವನ ಮುಖವೇ ಗೊತ್ತಿಲ್ಲ. ಮಗು ಬೊಂಬೆಯನ್ನು ಮೊದಲು ಒಯ್ಯುವುದು ಬಾಯಿಗೆ. ತನ್ನ ಅರಗನ್ನು ತಾನೇ ಕಾಯಿಸಿ, ಹಳದಿಗೆ ಅರಿಶಿನ ಬೆರೆಸುವ ಕುಶಲಕರ್ಮಿಗೆ 'ನನಗೆ ತಿಳಿಯದು' ಎನ್ನುವ ಅನುಕೂಲವಿಲ್ಲ. ನಮ್ಮ ಮಟ್ಟಿಗೆ ಅವನ ನಿಜವಾದ ಬಂಡವಾಳ ಇದೇ.

ಹಾಗೆಂದು ಸಣ್ಣದೆಲ್ಲ ಪವಿತ್ರವೆಂದು ನಾವು ಹೇಳುತ್ತಿಲ್ಲ. ಅಗ್ಗದ ರಾಸಾಯನಿಕ ಬಣ್ಣ ಸಣ್ಣ ಲೇತಿನವನ ಕೈಗೂ ಎಟುಕುತ್ತದೆ. 2005–06ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ 'ಚನ್ನಪಟ್ಟಣ' ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಒಬ್ಬ ಮಾಡಿದ ಕಳಪೆ ಕೆಲಸದ ಕಳಂಕ ನೆರೆಮನೆಗೂ ಹತ್ತುತ್ತದೆ. ಒಬ್ಬ ಪ್ರಾಮಾಣಿಕನಾಗಿದ್ದರ ಖರ್ಚು ಮಾತ್ರ ಅವನೊಬ್ಬನದೇ. ಹಂಚಿಕೊಂಡ ಹೆಸರು, ಹಂಚಿಕೊಳ್ಳದ ಹೊರೆ. ಇದನ್ನು ನ್ಯಾಯವೆನ್ನಲು ಹೇಗೆ ಬರುತ್ತದೆ?

2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ಸರಕಾರ ವಿನಾಯಿತಿ ಕೊಟ್ಟಿತು. ಸರಿಯಾದ ಕೆಲಸವೇ, ಪ್ರಯೋಗಾಲಯದ ಖರ್ಚು ಆ ಬಡಪಾಯಿಗಳಿಗೆ ಎಲ್ಲಿಂದ ಬರಬೇಕು! ಆದರೆ ಕಡ್ಡಿಯೊಳಗೆ ಏನು ಬೆರೆತಿದೆಯೆಂದು ಕಾಯುವ ಕೆಲಸವೂ ಅದರೊಂದಿಗೆ ಅವರ ಹೆಗಲಿಗೇ ಬಿತ್ತು. ಬೆಂಗಳೂರು–ಮೈಸೂರು ರಸ್ತೆಯ ಅಂಗಡಿಯಲ್ಲಿ ಅರಿಶಿನದ ಹಳದಿಗೆಂದು ಹತ್ತು ರೂಪಾಯಿ ಹೆಚ್ಚು ಕೇಳಿದರೆ ನಾವು ಚೌಕಾಸಿ ಮಾಡುತ್ತೇವೆ, ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯುತ್ತೇವೆ.