ಅವಮೌದರ್ಯವೂ ತರುಣರ ಯಕೃತ್ತೂ

ಜೈನಾಗಮವು ತಪಸ್ಸನ್ನು ಬಾಹ್ಯ, ಅಭ್ಯಂತರವೆಂದು ವಿಭಾಗಿಸಿ, ಒಂದೊಂದರಲ್ಲಿಯೂ ಆರು ಭೇದಗಳನ್ನು ಹೇಳಿದೆ. ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ. ಅನಶನವೆಂದರೆ ಆಹಾರತ್ಯಾಗ, ಅವಮೌದರ್ಯವೆಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ತುತ್ತುಗಳೆಂದು ಎಣಿಸಿದ ಶಾಸ್ತ್ರಕಾರರು ಅದರಲ್ಲಿ ಒಂದು ತುತ್ತನ್ನು ಬಿಟ್ಟರೂ ತಪಸ್ಸೇ ಎಂದಿದ್ದಾರೆ. ಉಪವಾಸಕ್ಕೆ ಸಮಾಜದಲ್ಲಿ ಗೌರವವುಂಟು, ಪಾರಣೆಯ ಸಂಭ್ರಮವುಂಟು. ಬಿಟ್ಟ ತುತ್ತನ್ನು ಕಾಣುವವರಿಲ್ಲ. ಆದುದರಿಂದಲೇ ಈ ಎರಡನೆಯ ತಪಸ್ಸು ಮನೆಗಳಲ್ಲಿ ಮರೆತುಹೋಗುತ್ತಿದೆ. ಮರೆತುದರ ಫಲವು ಈಗ ತರುಣರ ದೇಹದಲ್ಲಿ ಗೋಚರಿಸುತ್ತಿದೆ.

ಆ ಫಲಕ್ಕೆ ಜನರು ಫ್ಯಾಟಿ ಲಿವರ್ ಎನ್ನುತ್ತಾರೆ. ಬಲಪಕ್ಕೆಲುಬಿನ ಕೆಳಗೆ ಸುಮಾರು ಒಂದೂವರೆ ಕಿಲೋ ತೂಗುವ ಅಂಗವೇ ಯಕೃತ್ತು. ಅದರಲ್ಲಿ ಶೇಕಡ 5ಕ್ಕಿಂತ ಹೆಚ್ಚು ಕೊಬ್ಬು ಸೇರಿದರೆ ರೋಗಲಕ್ಷಣವೆಂದು ವೈದ್ಯರು ಗಣಿಸುತ್ತಾರೆ. ಇದು ಕುಡುಕರ ರೋಗವೆಂದೇ ಬಹುಕಾಲ ನಂಬಿಕೆಯಿತ್ತು. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲುಡ್ವಿಗ್ ಮತ್ತು ಸಂಗಡಿಗರು ಮದ್ಯದ ಅಭ್ಯಾಸವಿಲ್ಲದವರಲ್ಲಿಯೂ ಅಂತಹದೇ ಹಾನಿಯನ್ನು ಕಂಡು ಅದಕ್ಕೊಂದು ಹೆಸರಿಟ್ಟರು. ಭಾರತ ಸರ್ಕಾರವು 2021ರಲ್ಲಿ ಈ ವ್ಯಾಧಿಯನ್ನು ತನ್ನ ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿತು. ಹೈದರಾಬಾದಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಕುಳಿತೇ ದುಡಿಯುವ 345 ಮಂದಿಯನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇಕಡ 84 ಮಂದಿಯ ಯಕೃತ್ತಿನಲ್ಲಿ ಕೊಬ್ಬು ಮಿತಿಮೀರಿತ್ತು. ಇಂತಹದೇ ಉದ್ಯೋಗದಲ್ಲಿ ಬೆಂಗಳೂರಿನಲ್ಲಿರುವ ಮಕ್ಕಳು ಯಾವ ಶ್ರಾವಕರ ಬಳಗದಲ್ಲಿಲ್ಲ?

ರೋಗದ ಬಗೆ ಸರಳವಾದುದು. ದೇಹವು ವ್ಯಯಿಸಲಾರದಷ್ಟು ಅನ್ನ, ಮೈದಾ, ಸಕ್ಕರೆಗಳು ಒಳಸೇರಿದಾಗ ಯಕೃತ್ತು ಅವನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದಂತೆ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದೆ, ಸಂಗ್ರಹವು ಇನ್ನೂ ಹೆಚ್ಚುತ್ತದೆ. ತೆಳ್ಳಗೆ ಕಾಣುವವರಿಗೂ ಇದು ಬರುವುದುಂಟು. ನೋವಿಲ್ಲ, ಜ್ವರವಿಲ್ಲ, ಬೇರಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಬಯಲಾಗುತ್ತದೆ. ಎಲ್ಲರಲ್ಲಿಯೂ ಮುಂದುವರಿಯದಿದ್ದರೂ ಕೆಲವರಲ್ಲಿ ಉರಿಯೂತ, ಬಳಿಕ ಗಾಯದ ಕಲೆ, ಕೊನೆಗೆ ಸಿರೋಸಿಸ್ ಆಗಬಹುದು. ಇಪ್ಪತ್ತೈದರಲ್ಲಿ ಹೊಕ್ಕ ವ್ಯಾಧಿಗೆ ಬೆಳೆಯಲು ವರ್ಷಗಳು ಹೆಚ್ಚು ಸಿಗುತ್ತವೆ, ಭಯವಿರುವುದು ಅಲ್ಲಿಯೇ.

ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದ ಮನೆಯಲ್ಲಿ ಈ ರೋಗವೇಕೆ ಎಂದು ಹಲವರು ಕೇಳುತ್ತಾರೆ. ನಿಷಿದ್ಧವನ್ನು ಬಿಡುವುದು ಶ್ರಾವಕಾಚಾರದ ಆರಂಭ ಮಾತ್ರ. ಅನುಮತವಾದುದಕ್ಕೂ ಎಲ್ಲೆ ಕಟ್ಟುವುದೇ ಭೋಗೋಪಭೋಗ ಪರಿಮಾಣ ವ್ರತ. ಸಿಹಿ ಪಾನೀಯ ನಿಷಿದ್ಧವಲ್ಲ, ಬೇಕರಿಯ ತಿನಿಸು ಸಸ್ಯಾಹಾರವೆಂದು ಬರೆದಿದೆ, ಹೋಳಿಗೆಗೆ ಸುರಿದ ತುಪ್ಪವೂ ಶುದ್ಧವೇ. ಪದಾರ್ಥ ಶುದ್ಧವಾಗಿದ್ದರೂ ಪ್ರಮಾಣ ಕೆಟ್ಟಿದೆ. ರಾತ್ರಿಭೋಜನ ತ್ಯಾಗವನ್ನು ಆಚಾರ್ಯರು ವಿಧಿಸಿದ್ದು ಜೀವದಯೆಗಾಗಿ, ಯಕೃತ್ತಿಗಾಗಿ ಅಲ್ಲ. ಆದರೂ ರಾತ್ರಿ ಹತ್ತಕ್ಕೆ ಫೋನಿನಲ್ಲಿ ತರಿಸಿ, ಉಂಡೊಡನೆ ಮಲಗುವ ಅಭ್ಯಾಸಕ್ಕೆ ಆ ವ್ರತವು ತಾನಾಗಿಯೇ ತಡೆಯಾಗುತ್ತಿತ್ತು.

ಉಪವಾಸ ಮಾಡುವವರು ಸಹ ಒಂದು ಮಾತನ್ನು ಗಮನಿಸತಕ್ಕದ್ದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಚತುರ್ವಿಧಾಹಾರದ ತ್ಯಾಗ ಉಪವಾಸ, ಒಂದು ಹೊತ್ತಿನ ಊಟ ಪ್ರೋಷಧ. ಉಪವಾಸದ ಹಿಂದೆ ಮುಂದೆ ಮಿತಾಹಾರವಿರಬೇಕೆಂಬುದು ಅದರ ತಾತ್ಪರ್ಯ. ಈಗಲಾದರೋ ಚತುರ್ದಶಿಯ ಉಪವಾಸದ ಹಿಂದೊಂದು ಔತಣ, ಮುಂದೊಂದು ಔತಣ. ಒಂದು ದಿನ ಬಿಟ್ಟುದನ್ನು ಎರಡು ದಿನ ತುಂಬಿಸಿದರೆ ನಾಲಗೆ ಗೆದ್ದಿತೇ ಹೊರತು ವ್ರತಿಯಲ್ಲ.

ಸಮಾಧಾನದ ಸಂಗತಿಯೂ ಉಂಟು: ಆರಂಭದ ಹಂತದಲ್ಲಿ ಈ ರೋಗ ಹಿಂದಿರುಗುತ್ತದೆ. ಅಧಿಕ ತೂಕವುಳ್ಳವರು ಅದರಲ್ಲಿ ಶೇಕಡ 5ರಷ್ಟನ್ನು ಇಳಿಸಿದರೆ ಯಕೃತ್ತಿನ ಕೊಬ್ಬು ತಗ್ಗುತ್ತದೆ. ಶೇಕಡ 7ರಿಂದ 10 ಇಳಿಸಿದರೆ ಉರಿಯೂತವೂ ಶಮನವಾಗುವ ಸಂಭವವಿದೆ. 80 ಕಿಲೋ ತೂಗುವವರಿಗೆ 4 ಕಿಲೋ ಮೊದಲ ಗುರಿ. ಜೊತೆಗೆ ವಾರಕ್ಕೆ 150 ನಿಮಿಷಗಳ ಚುರುಕಾದ ನಡಿಗೆ ಬೇಕು. ಆದರೆ ತೂಕವನ್ನು ಹಠಾತ್ತನೆ ಇಳಿಸಿದರೆ ಯಕೃತ್ತಿಗೇ ಹಾನಿಯಾಗಬಹುದು. ಮಧುಮೇಹಕ್ಕೆ ಔಷಧ, ಇನ್ಸುಲಿನ್ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಕೈಕೊಳ್ಳಲಾಗದು. ಷೋಡಶಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣ ಸೇರಿರುವುದು ವ್ಯರ್ಥವಲ್ಲ.

ತೂಕವಿಳಿಸಲೆಂದೇ ಉಣ್ಣದಿದ್ದರೆ ಅದು ಪಥ್ಯ, ತಪಸ್ಸಲ್ಲ. ಫಲಾಪೇಕ್ಷೆಯನ್ನು ಆಗಮವು ನಿದಾನವೆಂಬ ಶಲ್ಯಗಳಲ್ಲಿ ಎಣಿಸಿದೆ. ರಸನೇಂದ್ರಿಯವನ್ನು ಗೆಲ್ಲಲೆಂದು ಮಿತವಾಗಿ ಉಂಡವನಿಗೆ ಆರೋಗ್ಯವು ಕೇಳದೆಯೇ ದೊರೆಯಬಹುದು, ಬತ್ತ ಬೆಳೆದವನಿಗೆ ಹುಲ್ಲು ದೊರೆತಂತೆ. ಕಾಲಮಿತಿಯ ತ್ಯಾಗವನ್ನು ನಿಯಮವೆನ್ನುತ್ತಾರೆ. ತರುಣರು ಚಾತುರ್ಮಾಸದ ನಾಲ್ಕು ತಿಂಗಳ ಮಟ್ಟಿಗಾದರೂ ಸಿಹಿ ಪಾನೀಯವನ್ನು ಬಿಡಲಿ, ಸೂರ್ಯಾಸ್ತಕ್ಕೆ ಮುನ್ನ ಉಣ್ಣಲಿ, ವಾರಕ್ಕೊಂದು ದಿನ ಸಕ್ಕರೆ ಬೆಲ್ಲಗಳ ರಸತ್ಯಾಗ ಮಾಡಲಿ. ತಾಯಂದಿರು ‘ಇನ್ನೊಂದು ಹಾಕಿಸಿಕೋ ಮಗನೇ’ ಎಂಬ ಒತ್ತಾಯವನ್ನು ಬಿಡಲಿ. ಅವರಿಗೆ ಅದೇ ದೊಡ್ಡ ತ್ಯಾಗ. ತುತ್ತು ಎಲೆಯಲ್ಲಿ ಉಳಿದು ವ್ಯರ್ಥವಾಗದಂತೆ, ಬಡಿಸುವ ಮೊದಲೇ ‘ಸಾಕು’ ಎನ್ನಬಲ್ಲವನು ಅಂದಿನ ತಪಸ್ಸನ್ನು ಆಚರಿಸಿದಂತೆಯೇ.