ಹೊಲದ ಪುಣ್ಯ, ಬಾಟಲಿಯ ಪಾಪ

ಮದ್ಯದ ಬಾಟಲಿಯ ಮೇಲೆ ಈಗ ಹೊಲ ಬಂದಿದೆ. ಊರ ಬೆಳೆ, ಊರ ರೈತ, ಊರ ಜೇನು ಎಂಬ ಮಾತುಗಳು ವಿಸ್ಕಿಗೆ ಒಂದು ಬಗೆಯ ಮರ್ಯಾದೆ ತಂದುಕೊಟ್ಟಿವೆ. ಅಮೆರಿಕದಲ್ಲಿ ಜೇನು, ಸೇಬು, ದಾಲ್ಚಿನ್ನಿಯ ರುಚಿ ಬೆರೆಸಿ 'ಫ್ಲೇವರ್ಡ್ ವಿಸ್ಕಿ' ಎಂದು ಮಾರಲು ಕಾನೂನಿನ ಒಪ್ಪಿಗೆಯಿದೆ. ಯುರೋಪಿನಲ್ಲಿ ಸಿಹಿಯೋ ಪರಿಮಳವೋ ಸೇರಿದ ಮೇಲೆ ಅದನ್ನು ಬರೀ ವಿಸ್ಕಿ ಎನ್ನುವಂತಿಲ್ಲ. ನಮ್ಮಲ್ಲಿ 2022ರಲ್ಲಿ ರಾಜಸ್ಥಾನದಿಂದ 'ಗೋಡಾವಣ್' ಬಂತು. ಅಲ್ಲಿನ ಜವೆಗೋಧಿಯ ವಿಸ್ಕಿಯನ್ನು ಜಟಾಮಾಂಸಿ, ರಾಸ್ನೆಯ ವಾಸನೆ ಹಿಡಿದ ಪೀಪಾಯಿಗಳಲ್ಲಿಟ್ಟು ಹದಗೊಳಿಸುತ್ತಾರೆ. ಹೆಸರು ಒಂದು ಹಕ್ಕಿಯದು. ನಮ್ಮ ಬಳ್ಳಾರಿಯ ಕಡೆ ಎರೆಭೂತ ಎನ್ನುವ, ಅಳಿವಿನಂಚಿಗೆ ಬಂದು ನಿಂತ ಅದೇ ಹಕ್ಕಿ. ಕಾಳು, ಬೇರು, ಹಕ್ಕಿ ಮೂರೂ ನಿರ್ದೋಷಿಗಳು.

ದೇಶದ ಅಗ್ಗದ ವಿಸ್ಕಿಯ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದ ಸ್ಪಿರಿಟ್ಟು. ಅದೂ ರೈತನ ಕಬ್ಬಿನಿಂದಲೇ ಹುಟ್ಟಿದ್ದು. ಆದರೆ ಅದರ ಬಾಟಲಿಯ ಮೇಲೆ ಮಂಡ್ಯದ ಗದ್ದೆಯ ಚಿತ್ರವನ್ನು ನಾವು ಕಂಡಿಲ್ಲ. ಕೂಲಿಯವನು ಕುಡಿಯುವುದಕ್ಕೆ ಹೊಲದ ಸಾಕ್ಷಿ ಬೇಕಿಲ್ಲವೇನೋ.

ಉರ್ದು ಶಾಲೆಯಲ್ಲಿ ಕಲಿತ ನಮಗೆ ಶರಾಬು ಮೊದಲು ಪರಿಚಯವಾದದ್ದು ಗಜಲಿನ ಪದವಾಗಿ. ಮನೆಯಲ್ಲಿ ಅದು ಹರಾಮು, ಪಠ್ಯಪುಸ್ತಕದಲ್ಲಿ ಅಲಂಕಾರ. ಹಾಗಾಗಿ ಕುಡಿಯಬಾರದು ಎಂಬುದು ನಮಗೆ ಪ್ರಶ್ನೆಯೇ ಅಲ್ಲ. ಕುಡಿಯದವನು ಬೆಳೆದದ್ದು ಕುಡಿಯುವವನಿಗೆ ಹೋದರೆ ಹೊಣೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ಪ್ರಶ್ನೆ.

ಮದ್ಯದ ವಿಷಯದಲ್ಲಿ ಹತ್ತು ಮಂದಿಯನ್ನು ಶಪಿಸುವ ಹದೀಸ್ ತಿರ್ಮಿದಿಯ ಸಂಗ್ರಹದಲ್ಲಿದೆ. ಹಿಂಡುವವನು, ಹೊರುವವನು, ಮಾರುವವನು, ಅದರ ಹಣ ಉಣ್ಣುವವನು ಎಲ್ಲರೂ ಅಲ್ಲಿದ್ದಾರೆ. ಬಳ್ಳಿ ನೆಟ್ಟವನು ಮಾತ್ರ ಇಲ್ಲ. ಮದ್ಯ ಮಾಡುವವನೆಂದು ಗೊತ್ತಿದ್ದೂ ಅವನಿಗೆ ದ್ರಾಕ್ಷಿ ರಸ ಮಾರಬಹುದೇ? ಮಾರಬಹುದು ಎಂದರು ಇಮಾಮ್ ಅಬೂ ಹನೀಫಾ. ಪಾಪ ರಸದಲ್ಲಿಲ್ಲ, ಅದು ಬದಲಾದ ಮೇಲೆ ಹುಟ್ಟುವಂಥದು ಎಂಬುದು ಅವರ ತರ್ಕ. ಅವರ ಇಬ್ಬರು ಪ್ರಮುಖ ಶಿಷ್ಯರು, ಅಬೂ ಯೂಸುಫ್ ಮತ್ತು ಮುಹಮ್ಮದ್, ಇದನ್ನು ಒಪ್ಪಲಿಲ್ಲ. ಗೊತ್ತಿದ್ದೂ ಕೊಟ್ಟರೆ ಕೈಜೋಡಿಸಿದಂತೆಯೇ ಅಲ್ಲವೇ ಎಂದರು. ಸ್ವತಃ ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮರಿಗೆ ಮಾರುವವನ ಕಷ್ಟ ಗೊತ್ತಿತ್ತು ಎಂದು ನಮಗನಿಸುತ್ತದೆ. ನಮ್ಮ ಒಲವು ಅವರ ಕಡೆಗೇ.

ಆದರೆ ಆ ತರ್ಕ ಇನ್ನೊಂದು ಕಡೆಗೂ ಕೊಯ್ಯುತ್ತದೆ. ಕಾಳು ಬದಲಾದ ಮೇಲೆ ಹುಟ್ಟಿದ ಪಾಪ ಹಿಂದಕ್ಕೆ ಹರಿದು ರೈತನನ್ನು ಮುಟ್ಟುವುದಿಲ್ಲ ಎಂದಾದರೆ, ರೈತನ ಪುಣ್ಯವೂ ಮುಂದಕ್ಕೆ ಹರಿದು ಬಾಟಲಿಯನ್ನು ಮುಟ್ಟಬಾರದು. ಮೊಳಕೆ ಬರಿಸಿ, ಒಣಗಿಸಿ, ಅರೆದು, ಹುಳಿ ಬರಿಸಿ, ಕಾಯಿಸಿ ಆವಿ ಇಳಿಸಿದ ಮೇಲೂ ಅದನ್ನು ಹೊಲದ್ದೆಂದು ತೋರಿಸುವುದು ಬೆವರನ್ನು ಅತ್ತರಿನಂತೆ ಪೂಸಿಕೊಂಡ ಹಾಗೆ.

ಕರ್ನಾಟಕ ಈ ಎರಡನ್ನೂ ಒಂದೇ ವರ್ಷ ಮಾಡಿತು. 2007ರ ಜುಲೈಯಿಂದ ಸಾರಾಯಿ ನಿಂತಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರ ಹಿತದ ಹೆಸರಿನಲ್ಲಿ ವೈನ್ ನೀತಿ ಬಂತು. ಸಾರಾಯಿ ನಿಂತದ್ದಕ್ಕೆ ನಮಗೆ ದುಃಖವಿಲ್ಲ, ಅದು ಹಾಳುಮಾಡಿದ ಮನೆಗಳನ್ನು ನಾವು ಬಲ್ಲೆವು. ಆದರೆ ಬಡವನ ಕುಡಿತ ಪಿಡುಗು, ಉಳ್ಳವನ ಕುಡಿತ ಕೃಷಿ ಅಭಿವೃದ್ಧಿ ಎಂಬ ಲೆಕ್ಕ ನಮಗೆ ಹತ್ತುವುದಿಲ್ಲ.

ಇನ್ನು ಬೆಳೆದವನ ಮಾತು. ವಿಜಯಪುರದ ಕಡೆ ಬೆಲೆ ಬಿದ್ದ ವರ್ಷ, ಗೊನೆಗಳು ಕೊಳೆಯುವ ಮೊದಲು ವೈನಿನವರ ಲಾರಿ ತೋಟದ ಬದುವಿಗೆ ಬಂದು ನಿಂತಿದೆ ಎನ್ನಿ. ಸಾಲಗಾರ ರೈತ, ಅದರಲ್ಲೂ ಐದು ಹೊತ್ತಿನ ನಮಾಜಿನವನು, ಏನು ಮಾಡಬೇಕು? ಬೇಡ ಎನ್ನಲು ಅವನಿಗೆ ಇನ್ನೊಂದು ದಾರಿ ಇರಬೇಕು. ಹಣ್ಣನ್ನು ಒಣದ್ರಾಕ್ಷಿ ಮಾಡಿಕೊಳ್ಳಲು ಶೆಡ್ಡು ಬೇಕು, ಶೀತಲಗೃಹದಲ್ಲಿ ಜಾಗ ಬೇಕು, ಮೂರು ತಿಂಗಳು ಕಾಯಲು ಕೈಯಲ್ಲಿ ಕಾಸು ಬೇಕು. ನಮ್ಮ ಜಮಾತುಗಳಲ್ಲಿ ಹರಾಮಿನ ಪಟ್ಟಿ ಓದಿ ಹೇಳುವವರು ಬೇಕಾದಷ್ಟಿದ್ದಾರೆ. ಬೈತುಲ್ ಮಾಲ್‌ನಿಂದ ಒಣದ್ರಾಕ್ಷಿಯ ಶೆಡ್ಡಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಜಮಾತನ್ನು ಮಾತ್ರ ನಾವಿನ್ನೂ ಕಂಡಿಲ್ಲ.