ಹಂಗಾಮಿ

ಮಗಳ ಬಾಣಂತನಕ್ಕೆಂದು ನಾನು ಅಮೆರಿಕದ ಬ್ಯಾಟನ್ ರೂಜ್ ಎಂಬ ಊರಿಗೆ ಹೋದದ್ದು 2016ರ ಆಗಸ್ಟ್ ಕೊನೆಯಲ್ಲಿ. ಲೂಯಿಸಿಯಾನಾ ರಾಜ್ಯದ ರಾಜಧಾನಿ ಅದು. ಆ ತಿಂಗಳಷ್ಟೇ ಅಲ್ಲಿ ಭಾರೀ ನೆರೆ ಬಂದು ಇಳಿದಿತ್ತು. ರಸ್ತೆಯ ಎರಡೂ ಬದಿಗೆ ಜನ ತಮ್ಮ ತಮ್ಮ ಮನೆಯ ನೆನೆದ ಹಾಸಿಗೆ, ಸೋಫಾ, ಗೋಡೆಯ ಹಲಗೆಗಳನ್ನು ತಂದು ರಾಶಿ ಹಾಕಿದ್ದರು. ಇಷ್ಟು ಕಷ್ಟದಲ್ಲಿರುವ ಊರು ಶನಿವಾರ ಬಂತೆಂದರೆ ನೇರಳೆ, ಹಳದಿ ಬಣ್ಣದ ಅಂಗಿ ತೊಟ್ಟು ಜಾತ್ರೆಗೆ ಹೊರಟಂತೆ ಹೊರಡುವುದನ್ನು ಕಂಡು ನನಗೆ ಆಶ್ಚರ್ಯ. ಅಳಿಯಂದಿರನ್ನು ಕೇಳಿದೆ. "ಫುಟ್‌ಬಾಲ್ ಅತ್ತೆ, ಇಲ್ಲಿಯ ಯೂನಿವರ್ಸಿಟಿ ಹುಡುಗರ ಆಟ" ಎಂದರು.

ನಮಗೆ ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಒದೆಯುವ ದುಂಡು ಚೆಂಡು. ಅವರದು ಸುಲಿದ ತೆಂಗಿನಕಾಯಿಯಂಥ ಕಂದು ಚೆಂಡು, ಹೆಚ್ಚು ಹೊತ್ತು ಇರುವುದು ಕೈಯಲ್ಲೇ. ಹುಡುಗರು ತಲೆಗೆ ಶಿರಸ್ತ್ರಾಣ, ಹೆಗಲಿಗೆ ದಿಂಬಿನಂಥ ಕವಚ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕಾಲೇಜು ಹುಡುಗರ ಈ ಆಟ ನೋಡಲು ಲಕ್ಷಕ್ಕೂ ಮೀರಿ ಜನ ಹಿಡಿಸುವ ಕ್ರೀಡಾಂಗಣ! ಅವರನ್ನು ಪಳಗಿಸುವ ಮುಖ್ಯ ಕೋಚ್‌ಗೆ ಸಿಗುವ ಸಂಬಳ ಆ ರಾಜ್ಯದ ಗವರ್ನರ್‌ಗೂ ಇಲ್ಲವಂತೆ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಟಿ.ವಿ. ಮುಂದೆ ಕೂತು ನಾನೂ ನೋಡತೊಡಗಿದೆ. ನಿಯಮ ಗಿಯಮ ಅರ್ಥವಾಗದಿದ್ದರೂ ಮುಖಗಳು ಅರ್ಥವಾಗುತ್ತಿದ್ದವು.

ಸೆಪ್ಟೆಂಬರ್ 24ರ ಶನಿವಾರ ಈ ತಂಡ ಆಬರ್ನ್ ಎಂಬಲ್ಲಿ 18-13ರಲ್ಲಿ ಸೋತಿತು. ಕೊನೆಯ ಗಳಿಗೆಯಲ್ಲಿ ಗೆದ್ದೆವೆಂದು ಕುಣಿದಾಡಿದ್ದರು ಪಾಪ, ಆ ಕೊನೆಯ ಪಟ್ಟು ಶುರುವಾಗುವ ಮೊದಲೇ ಗಡಿಯಾರ ಮುಗಿದಿತ್ತೆಂದು ತೀರ್ಪು ಬಂತು. ಮರುದಿನವೇ ಮುಖ್ಯ ಕೋಚ್ ಲೆಸ್ ಮೈಲ್ಸ್ ಅವರನ್ನು ಕೆಲಸದಿಂದ ತೆಗೆದರು. 2005ರಿಂದ ಇದ್ದವರು, 114 ಆಟ ಗೆಲ್ಲಿಸಿದವರು, ಒಮ್ಮೆ ಇಡೀ ದೇಶಕ್ಕೇ ತಂಡವನ್ನು ಮೊದಲು ಮಾಡಿದವರು! ಅವರ ಜಾಗದಲ್ಲಿ ಸಹಾಯಕ ಕೋಚ್ ಎಡ್ ಒರ್ಜೆರಾನ್ ಉಳಿದ ಆಟಗಳಿಗೆ "ಇಂಟೆರಿಮ್" ಎಂದು ಅಳಿಯಂದಿರು ಹೇಳಿದರು.

"ಅಂದರೆ ಇನ್‌ಚಾರ್ಜ್" ಎಂದೆ ನಾನು. ಹೇಳುವಾಗ ನನ್ನ ದನಿ ಒಂದಿಷ್ಟು ಬೇರೆಯಾಗಿರಬೇಕು. ಮಗಳು ತಲೆಯೆತ್ತಿ ನೋಡಿದಳು.

ಆ ಮನುಷ್ಯನದು ಕಲ್ಲು ಉಜ್ಜಿದಂಥ ಒರಟು ದನಿ. ಅದೇ ರಾಜ್ಯದ ಲರೋಸ್ ಎಂಬ ಸಣ್ಣ ಊರಿನವರು, ಮನೆಮಗನಿದ್ದಂತೆ. ಮೊದಲೊಮ್ಮೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಮುಖ್ಯ ಕೋಚ್ ಆಗಿ 35 ಆಟಗಳಲ್ಲಿ ಗೆದ್ದದ್ದು ಹತ್ತೇ. ಅಲ್ಲಿಂದ ತೆಗೆದರು. ಮುಂದೆ 2013ರಲ್ಲಿ ಲಾಸ್ ಏಂಜಲಿಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲೇನ್ ಕಿಫಿನ್ ಎಂಬ ಕೋಚನ್ನು ನಡುವೆಯೇ ತೆಗೆದಾಗ ಇವರಿಗೆ ಹಂಗಾಮಿ ಕೆಲಸ ಬಂತು. ಎಂಟು ಆಟಗಳಲ್ಲಿ ಆರು ಗೆದ್ದರು, ಹುಡುಗರು ಬಹಳ ಹಚ್ಚಿಕೊಂಡಿದ್ದರು. ಆದರೂ ಕಾಯಂ ಕೆಲಸವನ್ನು ಹೊರಗಿನವರಿಗೆ ಕೊಟ್ಟರು. ಒರ್ಜೆರಾನ್ ಆ ದಿನವೇ ಕೆಲಸ ಬಿಟ್ಟು ಹೊರಟುಹೋದರು. ಈಗ ಮತ್ತೆ ಅದೇ ಹಂಗಾಮಿ ಕುರ್ಚಿ, ಈ ಸಲ ಸ್ವಂತ ನೆಲದಲ್ಲಿ.

ನನ್ನ ದನಿ ಏಕೆ ಬೇರೆಯಾಯಿತೆಂದು ಹೇಳಬೇಕು. ನಾನು ಮೇಷ್ಟ್ರಾಗಿದ್ದವಳು. ಹೆಸರು ಬೇಡ, ಒಂದು ಹೆಣ್ಣುಮಕ್ಕಳ ಪ್ರೌಢಶಾಲೆ. ಮುಖ್ಯೋಪಾಧ್ಯಾಯಿನಿ ನಿವೃತ್ತರಾದಾಗ "ಸದ್ಯಕ್ಕೆ ನೀವೇ ನೋಡಿಕೊಳ್ಳಿ ಮೇಡಂ" ಎಂದರು ಆಡಳಿತ ಮಂಡಳಿಯವರು. ಆ ಸದ್ಯ ಎರಡು ವರ್ಷ ನಾಲ್ಕು ತಿಂಗಳು ನಡೆಯಿತು. ನನ್ನ ಹೆಸರಿನ ಕೆಳಗೆ "ಪ್ರಭಾರಿ" ಎಂದು ರಬ್ಬರ್ ಮೊಹರು ಮಾಡಿಸಿದರು. ಸಂಬಳದ ಬಿಲ್ಲು, ಎಸ್ಸೆಸ್ಸೆಲ್ಸಿ ಪರೀಕ್ಷೆ, ಮಳೆಗಾಲದಲ್ಲಿ ಸೋರುವ ಕೋಣೆ, ಶಾಲೆ ಬಿಡಿಸಿ ಮದುವೆ ಮಾಡಲು ಹೊರಟ ತಂದೆಯರ ಜೊತೆ ಜಗಳ, ಎಲ್ಲ ನನ್ನದೇ. ಆದರೆ ಆ ದೊಡ್ಡ ಕುರ್ಚಿಯಲ್ಲಿ ನಾನು ಒಂದು ದಿನವೂ ಕೂರಲಿಲ್ಲ. ಪಕ್ಕಕ್ಕೆ ಬೆತ್ತದ ಕುರ್ಚಿ ಹಾಕಿಕೊಂಡಿದ್ದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಕೂತರೆ ಆಸೆ ಪಟ್ಟ ಹಾಗಾಗುತ್ತದೆಂಬ ಸಂಕೋಚ. ಆಸೆಯಂತೂ ಇತ್ತು, ಸುಳ್ಳು ಯಾಕೆ? ಮಂಡಳಿಯವರು ಸಿಕ್ಕಾಗಲೆಲ್ಲ "ನೀವೇ ಕಾಯಂ ಇದ್ದ ಹಾಗೆ ಬಿಡಿ" ಎನ್ನುತ್ತಿದ್ದರು. ಒಂದು ಸೋಮವಾರ ಬೇರೆ ಊರಿನಿಂದ ಒಬ್ಬರು ಆದೇಶ ಹಿಡಿದು ಬಂದರು. ಅವರಿಗೆ ಹಾರ ತರಿಸಿದವಳೂ ನಾನೇ. ಹಿತ್ತಲ ಗಿಡ ಮದ್ದಲ್ಲ!

ಹೀಗಾಗಿ ಒರ್ಜೆರಾನ್ ನನಗೆ ನೆಂಟರ ಹಾಗೆ ಕಂಡರು. ಅವರ ಕೈಗೆ ಬಂದ ಮೊದಲ ಆಟವನ್ನೇ ತಂಡ 42-7ರಲ್ಲಿ ಗೆದ್ದಾಗ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಲಬಾಮಾ ಎದುರು 10-0, ಫ್ಲೋರಿಡಾ ಎದುರು 16-10 ಸೋತಾಗ ಊಟ ರುಚಿಸಲಿಲ್ಲ. ನವೆಂಬರ್ ಕೊನೆಯ ಹೊತ್ತಿಗೆ ಅವರ ಲೆಕ್ಕ ಐದು ಗೆಲುವು, ಎರಡು ಸೋಲು.

ಕಾಯಂ ಮಾಡಬೇಕೋ ಬೇಡವೋ ಎಂದು ಇಡೀ ಊರಿನಲ್ಲಿ ಚರ್ಚೆ. ನಮ್ಮ ಮನೆಯಲ್ಲೂ. ಅಳಿಯಂದಿರು ಒರ್ಜೆರಾನ್ ಪಕ್ಷ. "ಮುಳುಗುವ ದೋಣಿಯನ್ನು ದಡಕ್ಕೆ ತಂದಿದ್ದಾರೆ, ಹುಡುಗರು ಅವರಿಗಾಗಿ ಜೀವ ಬಿಡುತ್ತಾರೆ, ಇನ್ನೇನು ಬೇಕು ಅತ್ತೆ?" ಮಗಳದು ಬೇರೆ ಮಾತು. "ಏಳು ಆಟದಲ್ಲಿ ಏನು ಗೊತ್ತಾಗುತ್ತೆ? ತಂಡ ಕಟ್ಟಿದ್ದು ಹಿಂದಿನವರು. ದೊಡ್ಡ ತಂಡ ಎರಡು ಸಿಕ್ಕವು, ಎರಡೂ ಸೋತರು. ಒಳ್ಳೆಯವರು ಅಂತ ಕೆಲಸ ಕೊಡೋದಾದರೆ ಅದು ದಾಕ್ಷಿಣ್ಯ ಅಮ್ಮ, ನ್ಯಾಯ ಅಲ್ಲ."

ಆ ಮಾತು ನನಗೆ ಚುಚ್ಚಿತು. ನನ್ನ ವಿಷಯವನ್ನೇ ಹೇಳಿದಳೆಂದು ಎರಡು ದಿನ ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ. ಬಾಣಂತಿಯ ಮೇಲೆ ಮುನಿಸು! ಆದರೆ ಮಗುವಿಗೆ ಎಣ್ಣೆ ಹಚ್ಚುತ್ತ, ಲೋಬಾನದ ಹೊಗೆ ಹಾಕುತ್ತ ಯೋಚಿಸಿದಾಗ ಅವಳು ಪೂರ್ತಿ ತಪ್ಪಲ್ಲವೆನಿಸಿತು.

ಹಂಗಾಮಿಯಾಗಿ ದುಡಿದವರಿಗೆ ಆ ಹುದ್ದೆ ಸಲ್ಲಬೇಕೆ? ಸಲ್ಲಬೇಕು ಎನ್ನುವಾಗ ನಾವು ಎರಡು ಬೇರೆ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಂದು, ಅವರು ಕಷ್ಟಕಾಲದಲ್ಲಿ ಹೊತ್ತರು, ಆ ಋಣ ತೀರಬೇಕು ಎನ್ನುವುದು. ಇನ್ನೊಂದು, ಮುಂದಿನ ಹತ್ತು ವರ್ಷಕ್ಕೂ ಇವರೇ ಸರಿಯಾದ ಜನ ಎನ್ನುವುದು. ಮೊದಲನೆಯದು ಕಳೆದುಹೋದ ಕೆಲಸದ ಮಾತು, ಎರಡನೆಯದು ಬರುವ ಮಕ್ಕಳ ಮಾತು. ಹುದ್ದೆ ಇರುವುದು ಮಕ್ಕಳಿಗಾಗಿ. ನನ್ನ ಋಣ ತೀರಿಸಲು ಅವರ ಹತ್ತು ವರ್ಷ ಕೊಡಿ ಎಂದು ಕೇಳುವ ಹಕ್ಕು ನನಗೆ ಎಲ್ಲಿಯದು?

ಇನ್ನೂ ಒಂದಿದೆ. ಹಂಗಾಮಿಯ ಕೈಯಲ್ಲಿ ಕೆಲಸದ ಅರ್ಧ ಮಾತ್ರ ಇರುತ್ತದೆ. ಒಡೆದ ಮನಸ್ಸುಗಳನ್ನು ಕೂಡಿಸಿ ದಿನ ದೂಡುವುದು ಅವರ ಪಾಲಿನದು. ಹೊಸ ಹುಡುಗರನ್ನು ಊರೂರು ಸುತ್ತಿ ಆರಿಸಿ ತರುವುದು, ನಾಲ್ಕು ವರ್ಷ ಮುಂದಿನದನ್ನು ನೋಡಿ ಕಟ್ಟುವುದು, ಇವಕ್ಕೆ ನಾಳೆ ಇರುತ್ತೇನೋ ಇಲ್ಲವೋ ಎಂಬವರು ಹೇಗೆ ಕೈ ಹಾಕಿಯಾರು? ನಮ್ಮ ಶಾಲೆಗೆ ಬಂದ ಆ ಹೊಸಬರು ಆರು ತಿಂಗಳಲ್ಲಿ ಮಂಡಳಿಯವರ ಎದುರು ಮೇಜು ಕುಟ್ಟಿ ಹೆಣ್ಣುಮಕ್ಕಳಿಗೆ ನಾಲ್ಕು ಶೌಚಾಲಯ ಕಟ್ಟಿಸಿದರು. ಆ ಅರ್ಜಿ ನನ್ನ ಮೇಜಿನಲ್ಲಿ ಎರಡು ವರ್ಷ ಇತ್ತು. ಕೇಳಿದರೆ ಎಲ್ಲಿ ಮುನಿಸಿಕೊಂಡಾರೋ, ಕಾಯಂ ಆದ ಮೇಲೆ ಕೇಳೋಣ ಎಂದು ನಾನು ಕೂತಿದ್ದೆ. ಅಷ್ಟು ದಿನ ಆ ಹುಡುಗಿಯರು ನೀರು ಕುಡಿಯದೆ ಶಾಲೆಗೆ ಬರುತ್ತಿದ್ದರು. ಇದನ್ನು ಬರೆಯಲು ನನಗೆ ಈ ವಯಸ್ಸಿನ ತನಕ ಬೇಕಾಯಿತು.

ಹಾಗಾದರೆ ಹಂಗಾಮಿಗೆ ಸಲ್ಲಬೇಕಾದದ್ದು ಏನೂ ಇಲ್ಲವೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದುಬಿಡುವುದೇ? ಅದೂ ಸಲ್ಲದು. ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಹುದ್ದೆ ಸಿಗಲಿಲ್ಲವೆಂಬುದಲ್ಲ. ನನ್ನನ್ನು ಸಂದರ್ಶನಕ್ಕೂ ಕರೆಯಲಿಲ್ಲ. ಬೇರೆಯವರನ್ನು ಹುಡುಕುತ್ತಿದ್ದೇವೆಂದು ಹೇಳಲಿಲ್ಲ. "ನೀವೇ ಕಾಯಂ ಇದ್ದ ಹಾಗೆ" ಎಂಬ ಮಾತನ್ನು ಬೆಲ್ಲದ ಹಾಗೆ ನಾಲಗೆಗೆ ಸವರಿ ದುಡಿಸಿಕೊಂಡರು. ಹಂಗಾಮಿಗೆ ಸಲ್ಲಬೇಕಾದದ್ದು ನಿಜ ಮತ್ತು ಅವಕಾಶ. ಎಷ್ಟು ದಿನ, ಯಾವ ಅಳತೆ, ಇನ್ನು ಯಾರು ಸಾಲಿನಲ್ಲಿದ್ದಾರೆ ಎಂಬ ನಿಜ. ಉಳಿದವರ ಜೊತೆ ಸಮನಾಗಿ ಕೂರಿಸಿ ಕೇಳುವ ಅವಕಾಶ. ಅವರ ದುಡಿಮೆ ಅಲ್ಲಿ ಸಾಕ್ಷಿಯಾಗಿ ನಿಲ್ಲಬೇಕು, ಸಾಲಪತ್ರವಾಗಿ ಅಲ್ಲ.

ಲೂಯಿಸಿಯಾನಾದವರೂ ಮೊದಲು ಹೊರಗೆ ಕಣ್ಣು ಹಾಯಿಸಿದರು. ಹ್ಯೂಸ್ಟನ್‌ನ ಕೋಚ್ ಟಾಮ್ ಹರ್ಮನ್ ಬರುತ್ತಾರೆಂದು ಸುದ್ದಿ. ಅವರು ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅದೇ ನವೆಂಬರ್ 26ರಂದು ಒರ್ಜೆರಾನ್ ಅವರನ್ನು ಕಾಯಂ ಮಾಡಿದರು. ಟಿ.ವಿ.ಯಲ್ಲಿ ಆ ಒರಟು ದನಿ ಕೇಳಿ ನನ್ನ ಕಣ್ಣು ತುಂಬಿತು. ಅಳಿಯಂದಿರು ನೋಡದ ಹಾಗೆ ಮಗುವಿನ ಬಟ್ಟೆಯಿಂದ ಒರೆಸಿಕೊಂಡೆ.

ಆ ಮೇಲಿನ ಕಥೆ ನಾನು ಊರಿಗೆ ಬಂದ ನಂತರ ಫೋನಿನಲ್ಲಿ ಕೇಳಿದ್ದು. 2019ರಲ್ಲಿ ಅವರ ತಂಡ ಆಡಿದ ಹದಿನೈದು ಆಟಗಳನ್ನೂ ಗೆದ್ದಿತು. 2020ರ ಜನವರಿ 13ರ ಕೊನೆಯ ಆಟದಲ್ಲಿ ಎದುರಿಗಿದ್ದವರು ಕ್ಲೆಮ್ಸನ್ ತಂಡದ ಡಾಬೊ ಸ್ವಿನ್ನಿ. ಅವರೂ 2008ರಲ್ಲಿ ಹಂಗಾಮಿಯಾಗಿ ಬಂದು ಕಾಯಂ ಆದವರೇ! "ನೋಡಿದಿರಾ ಅತ್ತೆ, ನಾನು ಹೇಳಿರಲಿಲ್ಲವೇ?" ಎಂದರು ಅಳಿಯಂದಿರು. ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ. ಆ ಗೆಲುವಿಗೆ ಜೋ ಬರೋ ಎಂಬ ಹುಡುಗ 2018ರಲ್ಲಿ ಓಹಾಯೋದಿಂದ ವರ್ಗವಾಗಿ ಬಂದದ್ದೂ ಕಾರಣ. 2016ರಲ್ಲಿ ಅದನ್ನು ಯಾರು ಕಂಡಿದ್ದರು? ಮುಂದಿನ ವರ್ಷ ಹತ್ತರಲ್ಲಿ ಐದು ಸೋಲು. 2021ರ ಅಕ್ಟೋಬರ್‌ನಲ್ಲಿ, ಆ ಸಾಲಿನ ಆಟ ಮುಗಿದ ಮೇಲೆ ಬಿಡುವುದೆಂದು ಒಪ್ಪಂದವಾಗಿ ಅವರೂ ಹೊರಟರು. ಗೆದ್ದಾಗ ಸರಿಯಾಗಿದ್ದ ನಿರ್ಧಾರ ಸೋತಾಗ ತಪ್ಪಾಯಿತೇ? ನಿರ್ಧಾರದ ನ್ಯಾಯವನ್ನು ಅದನ್ನು ಮಾಡಿದ ದಿನದ ಬೆಳಕಿನಲ್ಲಿ ನೋಡಬೇಕು, ಆಮೇಲಿನ ಬೆಳಕಿನಲ್ಲಲ್ಲ.

ಕೈ ತಪ್ಪಿದವರ ಕಥೆಯೂ ಅಲ್ಲಿ ಬೇಕಾದಷ್ಟಿದೆ. 2011ರಲ್ಲಿ ಲ್ಯೂಕ್ ಫಿಕೆಲ್ ಎಂಬವರು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಒಂದು ವರ್ಷ ಹಂಗಾಮಿಯಾಗಿದ್ದರು. ಆರು ಗೆದ್ದು ಏಳು ಸೋತರು, ಕುರ್ಚಿ ಬೇರೆಯವರಿಗೆ ಹೋಯಿತು. ಅವರು ಬಿಟ್ಟು ಹೋಗಲಿಲ್ಲ. ಹೊಸಬರ ಕೈಕೆಳಗೆ ವರ್ಷಗಟ್ಟಲೆ ದುಡಿದರು. ಮುಂದೆ ಸಿನ್ಸಿನಾಟಿಯಲ್ಲಿ ಮುಖ್ಯ ಕೋಚ್ ಆಗಿ ಹೆಸರು ಮಾಡಿದರು. 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜಿಮ್ ಲೆನರ್ಡ್ ಎಂಬ, ಅಲ್ಲಿಯೇ ಓದಿ ಆಡಿದ ಹುಡುಗ ಹಂಗಾಮಿಯಾಗಿ ಏಳರಲ್ಲಿ ನಾಲ್ಕು ಗೆದ್ದ. ಕಾಯಂ ಆಗುತ್ತಾನೆಂದೇ ಎಷ್ಟೋ ಜನರ ಎಣಿಕೆ. ಹೊರಗಿನಿಂದ ಒಬ್ಬರನ್ನು ತಂದರು. ಯಾರನ್ನು ಗೊತ್ತೇ? ಇದೇ ಫಿಕೆಲ್‌ರನ್ನು! ಒಮ್ಮೆ ಕುರ್ಚಿ ತಪ್ಪಿದವರು ಇನ್ನೊಮ್ಮೆ ಇನ್ನೊಬ್ಬರ ಕುರ್ಚಿ ತಪ್ಪಿಸಬೇಕಾಯಿತು. ಇದನ್ನು ಕೇಳಿದ ಮೇಲೆ ನನ್ನ ಶಾಲೆಗೆ ಬಂದ ಆ ಹೊಸಬರ ಮುಖ ನೆನಪಾಯಿತು. ಅವರೂ ಎಲ್ಲೋ ಎಷ್ಟು ವರ್ಷ ಬೆತ್ತದ ಕುರ್ಚಿಯಲ್ಲಿ ಕೂತಿದ್ದರೋ, ನಾನು ಕೇಳಲೇ ಇಲ್ಲ.

ಬಾಣಂತನಕ್ಕೆ ಹೋದ ತಾಯಿಯೂ ಹಂಗಾಮಿಯೇ ಅಲ್ಲವೇ? ಮಗಳ ಅಡಿಗೆಮನೆಯನ್ನು ನಾಲ್ಕು ತಿಂಗಳು ನನ್ನದೆಂದೇ ನಡೆಸಿದೆ. ಸಾಸಿವೆ ಡಬ್ಬಿ ಎಲ್ಲಿಡಬೇಕೆಂದು ಹುಕುಂ ಮಾಡಿದೆ. ಹೊರಡುವ ದಿನ ಅವಳು ಡಬ್ಬಿಯನ್ನು ಮೆಲ್ಲಗೆ ಹಳೆಯ ಜಾಗಕ್ಕೆ ಸರಿಸುತ್ತಿದ್ದುದನ್ನು ಕಂಡೆ. ಸಿಟ್ಟು ಬರಲಿಲ್ಲ. ಅದು ಅವಳ ಮನೆ.

ಕಳೆದ ಸಲ ಅವರು ಊರಿಗೆ ಬಂದಾಗ ಮೊಮ್ಮಗಳು ನನ್ನ ಹೊಲಿಗೆ ಯಂತ್ರದ ಡ್ರಾಯರ್ ಕೆದಕಿ ಆ ರಬ್ಬರ್ ಮೊಹರನ್ನು ಹೊರತೆಗೆದಳು. ಇಂಕಿಲ್ಲದೆ ಒಣಗಿತ್ತು. ಕುಂಕುಮವನ್ನು ನೀರಲ್ಲಿ ಕಲಸಿ ಅದ್ದಿ ಕಾಗದದ ತುಂಬ ಒತ್ತಿದಳು. "ಅಜ್ಜಿ, ಏನಿದು?" ಎಂದಳು. "ಪ್ರಭಾರಿ ಅಂತ. ಬೇರೆಯವರ ಕೆಲಸವನ್ನು ಸ್ವಲ್ಪ ದಿನ ನೋಡಿಕೊಳ್ಳೋರು" ಎಂದೆ.

"ಚೆನ್ನಾಗಿ ನೋಡಿಕೊಂಡೆಯಾ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಸುಮಾರಾಗಿ" ಎಂದೆ. ಆಮೇಲೆ ಆ ಶೌಚಾಲಯದ ಅರ್ಜಿಯ ಕಥೆಯನ್ನು ಅವಳಿಗೆ ಪೂರ್ತಿ ಹೇಳಿದೆ.